ಚರ್ಚ್ ಶಾಲೆಗೆ ದೇಣಿಗೆ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡದ ಒಂದು ಹಳೆಯ ಚರ್ಚ್ ಶಾಲೆಯ ಆಡಳಿತ ಮಂಡಳಿಯಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಕನ್ನಡ ಮಾಧ್ಯಮ, ಅನುದಾನಿತ, ಹೆಂಚಿನ ಮಾಡು. ದೇಣಿಗೆ ಕೆಲಸಕ್ಕೆಂದೇ ನಾವು ಎರಡು ಸಲ ಜನ ನೇಮಿಸಿದ್ದೇವೆ. ಮೊದಲನೆಯವರು ಎಂಟೇ ತಿಂಗಳಲ್ಲಿ ಬಿಟ್ಟು ಹೋದರು. ತಪ್ಪು ನಮ್ಮದೇ. ಎರಡನೆಯವರು ಇನ್ನೂ ಇದ್ದಾರೆ. ಅದು ಗೊತ್ತಾದ ಮೇಲೆ ಬೇರೆ ಶಾಲೆಗಳ ಸಂಚಾಲಕರು, ಮುಖ್ಯ ಶಿಕ್ಷಕಿಯರು ಫೋನ್ ಮಾಡಿ ಕೇಳಿದ್ದೇ ಕೇಳುತ್ತಾ ಬಂದರು. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ತೆರಿಗೆಯ ಬಗ್ಗೆ ಮೊದಲೇ ಒಂದು ಮಾತು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ. ಅದರಲ್ಲಿ ಕಲಂಗಳ ನಂಬರ್ ಬೇರೆ. ಜನರ ಬಾಯಲ್ಲಿ ಇನ್ನೂ 80ಜಿ (ದಾನಿಗೆ ಸಿಗುವ ತೆರಿಗೆ ವಿನಾಯಿತಿ), 12ಎ (ಸಂಸ್ಥೆಗೆ ಸಿಗುವ ತೆರಿಗೆ ವಿನಾಯಿತಿ) ಅಂತಲೇ ಇರುವುದರಿಂದ ನಾನೂ ಹಾಗೇ ಬರೆದಿದ್ದೇನೆ. ಹೊಸ ನಂಬರ್, ಹೊಸ ಫಾರ್ಮ್ ಯಾವುದು ಎಂದು ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಸಣ್ಣ ಶಾಲೆಗೆ ಇದಕ್ಕಂತ ಒಬ್ಬರು ಬೇಕಾ? ಫಾದರ್ ಅವರೇ ನೋಡಿಕೊಳ್ಳುತ್ತಾರಲ್ಲ?

ನೋಡಿಕೊಳ್ಳುತ್ತಾರೆ, ವರ್ಗ ಆಗುವ ತನಕ. ಒಬ್ಬ ಫಾದರ್ ಐದಾರು ವರ್ಷ ಇದ್ದು ಊರಿನವರ ಪರಿಚಯ ಮಾಡಿಕೊಳ್ಳುತ್ತಾರೆ. ದುಬೈಯಲ್ಲಿ ಯಾರಿದ್ದಾರೆ, ಮುಂಬೈಯಲ್ಲಿ ಹೋಟೆಲ್ ಇಟ್ಟವರು ಯಾರು, ಯಾರ ತಾಯಿ ಇದೇ ಶಾಲೆಯಲ್ಲಿ ಟೀಚರ್ ಆಗಿದ್ದರು, ಎಲ್ಲ ಅವರಿಗೆ ಬಾಯಿಪಾಠ. ಆಮೇಲೆ ಒಂದು ದಿನ ವರ್ಗಾವಣೆಯ ಪತ್ರ ಬರುತ್ತದೆ. ಹೆಸರು, ನಂಬರ್, ನೆನಪು ಎಲ್ಲವೂ ಅವರ ಮೊಬೈಲ್ ಜೊತೆಗೇ ಇನ್ನೊಂದು ಧರ್ಮಕೇಂದ್ರಕ್ಕೆ ಹೋಗುತ್ತದೆ. ಸಿಎಸ್‌ಐ (ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆ) ಸಭೆಗಳಲ್ಲೂ ಇದೇ ಕತೆ, ಸಭಾಪಾಲಕರು ಬದಲಾಗುತ್ತಲೇ ಇರುತ್ತಾರೆ. ಹೊಸಬರು ಬಂದು ಮತ್ತೆ ಒಂದನೇ ಕ್ಲಾಸಿನಿಂದ ಶುರು.

ನಾವು ಒಬ್ಬರನ್ನು ನೇಮಿಸಿದ್ದು ಮುಖ್ಯವಾಗಿ ಈ ಪರಿಚಯಗಳು ಶಾಲೆಯಲ್ಲೇ ಉಳಿಯಲಿ ಎಂದು. ದುಡ್ಡು ಅದರ ಹಿಂದೆ ಬಂತು, ಅದೂ ನಿಧಾನವಾಗಿ. ಇದು ಮೊದಲ ಸಲ ನಮಗೆ ಅರ್ಥ ಆಗಿರಲಿಲ್ಲ.

ನೂರೈವತ್ತು ಮಕ್ಕಳ ಶಾಲೆ ಒಂದಕ್ಕೇ ಪೂರ್ತಿ ಸಂಬಳ ಭಾರ ಆಗುತ್ತದೆ. ಅಕ್ಕಪಕ್ಕದ ಎರಡು ಮೂರು ಶಾಲೆಗಳು, ಒಂದೇ ಆಡಳಿತದ ಕೆಳಗಿದ್ದರೆ, ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಆದರೆ ವಾರದ ಯಾವ ದಿನ ಯಾವ ಶಾಲೆ ಎಂದು ಮೊದಲೇ ಬರೆದಿಡಿ. ಇಲ್ಲದಿದ್ದರೆ ಯಾರ ಗಂಟಲು ದೊಡ್ಡದೋ ಆ ಶಾಲೆಗೇ ಅವರು ಮೀಸಲಾಗುತ್ತಾರೆ.

ಮೊದಲೆಲ್ಲ ಹೊರದೇಶದಿಂದ ದುಡ್ಡು ಬರುತ್ತಿತ್ತಲ್ಲ?

ಬರುತ್ತಿತ್ತು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳ ಹೆಸರೇ ದುಡ್ಡು ಕೊಟ್ಟವರದ್ದು: ಅಮೆರಿಕದ ಒಹಾಯೊದ ಜಾನ್ ಬಾಲ್ಡ್‌ವಿನ್. ನಮ್ಮ ಕಡೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದರು. ಆದರೆ ಅವರೂ ಹೊರಗಿನ ದುಡ್ಡನ್ನೇ ನಂಬಿ ಕೂರಲಿಲ್ಲ. ನೇಯ್ಗೆ ಮಾಡಿಸಿದರು, ಮುದ್ರಣಾಲಯ ನಡೆಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ವಾಪಸ್ ಕಳಿಸಿತು, ಕಾರ್ಖಾನೆಗಳೂ ಕೈತಪ್ಪಿದವು. ಹೊರಗಿನ ನಲ್ಲಿ ಒಂದೇ ಸಲಕ್ಕೆ ಬಂದ್ ಆಗಬಹುದು ಅನ್ನೋದು ಈ ಊರಿಗೆ ನೂರು ವರ್ಷದ ಹಿಂದೆಯೇ ಗೊತ್ತು. ಈಗ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನಿಯಮಗಳು ಬಿಗಿಯಾಗಿವೆ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಅನುದಾನಿತ ಶಾಲೆ ಅಂದ ಮೇಲೆ ಸರ್ಕಾರ ಸಂಬಳ ಕೊಡುತ್ತದಲ್ಲ? ದೇಣಿಗೆ ಯಾತಕ್ಕೆ?

ದಾನಿಗಳೂ ಮೊದಲು ಕೇಳುವುದು ಇದನ್ನೇ. ನೇಮಕ ಆದವರ ಬಾಯಲ್ಲಿ ಉತ್ತರ ಸಿದ್ಧ ಇರಬೇಕು. ಸರ್ಕಾರ ಕೊಡುವುದು ಮಂಜೂರಾದ ಹುದ್ದೆಯಲ್ಲಿ ಇರುವ ಶಿಕ್ಷಕರ ಸಂಬಳ. ಅವರು ನಿವೃತ್ತರಾದರೆ ಆ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಮಕ್ಕಳು ಕಾಯುತ್ತಾರಾ? ಆಡಳಿತ ಮಂಡಳಿಯೇ ಗೌರವ ಶಿಕ್ಷಕಿಯರನ್ನು ಇಟ್ಟು ಕೈಯಿಂದ ಸಂಬಳ ಕೊಡುತ್ತದೆ. ಮಾಡು ಸೋರಿದರೆ, ಶೌಚಾಲಯ ಕೆಟ್ಟರೆ, ಶಾಲಾ ವಾಹನ ಬೇಕಾದರೆ ಅದೂ ಕೈಯಿಂದಲೇ.

ಕಟ್ಟಡಕ್ಕೆ ದುಡ್ಡು ಕೇಳುವುದು ಸುಲಭ, ಗೋಡೆಗೆ ಹೆಸರು ಹಾಕಬಹುದು. ಗೌರವ ಶಿಕ್ಷಕಿಯ ಸಂಬಳಕ್ಕೆ ಕೇಳುವುದು ಕಷ್ಟ. ಆದರೆ ಕನ್ನಡ ಮಾಧ್ಯಮ ಶಾಲೆಗಳು ಮುಚ್ಚುತ್ತಿರುವುದಕ್ಕೆ ಗೋಡೆ ಕಾರಣ ಅಲ್ಲ. ಪಾಠ ಮಾಡುವವರಿಲ್ಲ ಎಂದು ಗೊತ್ತಾದ ಕೂಡಲೇ ಪೋಷಕರು ಪಕ್ಕದ ಇಂಗ್ಲಿಷ್ ಶಾಲೆಯ ವ್ಯಾನ್ ಹತ್ತಿಸುತ್ತಾರೆ. ಹಾಗಾಗಿ ನೀವು ನೇಮಿಸುವವರು ಈ ಕಷ್ಟದ ವಿಷಯವನ್ನೇ ಕೇಳಲು ಕಲಿಯಬೇಕು. "ಒಬ್ಬ ಟೀಚರ್‌ಗೆ ಒಂದು ವರ್ಷ" ಎಂದು ನಮ್ಮವರು ಕೇಳುತ್ತಾರೆ. ಒಂದೊಂದು ಬ್ಯಾಚ್ ಸೇರಿ ಒಂದು ವರ್ಷದ ಸಂಬಳ ಹೊತ್ತುಕೊಂಡದ್ದೂ ಇದೆ.

ಜಾಹೀರಾತು ಕೊಡುವ ಮೊದಲು ಏನೇನು ರೆಡಿ ಇರಬೇಕು?

ಕಾಗದ ಪತ್ರ. ಇಲ್ಲಿ ಎಡವಿದರೆ ಎಂಥ ಜಾಣರನ್ನು ತಂದರೂ ಕೈಕಟ್ಟಿ ಹಾಕಿದ ಹಾಗೆ.

ಶಾಲೆ ಯಾರ ಹೆಸರಲ್ಲಿದೆ? ಹೆಚ್ಚಿನ ಚರ್ಚ್ ಶಾಲೆಗಳಿಗೆ ಸ್ವಂತ ಪ್ಯಾನ್ ಇಲ್ಲ. ಅವು ಧರ್ಮಪ್ರಾಂತ್ಯದ (ಒಬ್ಬ ಬಿಷಪ್‌ರ ಆಡಳಿತಕ್ಕೆ ಬರುವ ಪ್ರದೇಶದ) ಶಿಕ್ಷಣ ಮಂಡಳಿಗೋ, ಸಿಎಸ್‌ಐ ಆದರೆ ಡಯಾಸಿಸ್‌ನ ಸಂಸ್ಥೆಗೋ, ಸಿಸ್ಟರ್‌ಗಳ ಸೊಸೈಟಿಗೋ ಸೇರಿರುತ್ತವೆ. 12ಎ, 80ಜಿ ನೋಂದಣಿ ಇರುವುದೂ ಆ ಮೇಲಿನ ಸಂಸ್ಥೆಯ ಹೆಸರಲ್ಲೇ. ರಸೀದಿ ಆ ಹೆಸರಲ್ಲೇ ಹೋಗಬೇಕು, ದುಡ್ಡು ಅದರ ಖಾತೆಗೇ ಬರಬೇಕು. ನಿಮ್ಮ ಶಾಲೆಗೆ ಬಂದದ್ದು ನಿಮ್ಮ ಶಾಲೆಗೇ ತಲುಪುತ್ತದೆ ಎಂದು ಅವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಇದನ್ನು ಕೇಳಲು ನಮಗೆ ಮುಜುಗರ ಆಗಿತ್ತು. ಕೇಳದೆ ಬಿಟ್ಟಿದ್ದಕ್ಕೆ ಆಮೇಲೆ ಜಾಸ್ತಿ ಮುಜುಗರ ಆಯಿತು.

ಚರ್ಚ್‌ನ ಖಾತೆ ಬೇರೆ, ಶಾಲೆಯ ಖಾತೆ ಬೇರೆ. 80ಜಿ ಇರುವುದು ದತ್ತಿ ಕೆಲಸಕ್ಕೆ. ಒಂದೇ ಧರ್ಮದವರ ಪ್ರಯೋಜನಕ್ಕೆಂದು ಇರುವ ಸಂಸ್ಥೆಗೆ ಅದು ಸಿಗುವುದಿಲ್ಲ. 80ಜಿ ಇರುವ ಸಂಸ್ಥೆ ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದ ಶೇ. 5ಕ್ಕಿಂತ ಹೆಚ್ಚು ಖರ್ಚು ಮಾಡುವ ಹಾಗಿಲ್ಲ. ಹಾಗಾಗಿ ಹಬ್ಬದ ಪೆಂಡಾಲ್ ಬಿಲ್ಲನ್ನು ಶಾಲೆಯ ಲೆಕ್ಕಕ್ಕೆ ತುರುಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನೊಂದು, ಮೂರು ವರ್ಷದ ಆಡಿಟ್ ವರದಿ. ಕೇಳಿದವರ ಮುಂದೆ ಇಡಲು ನಾಚಿಕೆ ಆಗದ ಹಾಗಿರಬೇಕು.

ಎಂಥವರನ್ನು ಹುಡುಕಬೇಕು?

ನಾವು ಮೊದಲ ಸಲ ಎಂಬಿಎ ಆದ, ಚೆನ್ನಾಗಿ ಇಂಗ್ಲಿಷ್ ಮಾತಾಡುವ, ಇನ್ಶೂರೆನ್ಸ್ ಮಾರಿ ಅನುಭವ ಇದ್ದ ಒಬ್ಬರನ್ನು ತೆಗೆದುಕೊಂಡೆವು. ಒಳ್ಳೆಯ ಹುಡುಗ. ಆದರೆ ಹಳೆ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗಿ ಕೂತರೆ ಅವರಿಗೆ ಮಾತಾಡಲು ವಿಷಯವೇ ಇರಲಿಲ್ಲ. ಹತ್ತನೇ ನಿಮಿಷಕ್ಕೆ ಬ್ರೋಷರ್ ತೆಗೆಯುತ್ತಿದ್ದರು.

ಈಗ ಇರುವವರು ಬೇರೆ ಶಾಲೆಯೊಂದರ ನಿವೃತ್ತ ಟೀಚರ್. ಕನ್ನಡ, ತುಳು, ಕೊಂಕಣಿ ಮೂರೂ ನೀರು ಕುಡಿದ ಹಾಗೆ, ಬ್ಯಾರಿಯೂ ಅರ್ಥ ಆಗುತ್ತದೆ. ಒಂದು ಮನೆಗೆ ಹೋದರೆ ಮೊದಲ ಭೇಟಿಯಲ್ಲಿ ದುಡ್ಡಿನ ಸುದ್ದಿಯೇ ಇಲ್ಲ. ಆ ಮನೆಯವರ ಕಾಲದ ಗಣಿತದ ಮಾಸ್ಟ್ರ ಬೆತ್ತ, ಮಧ್ಯಾಹ್ನದ ಗಂಜಿ, ಮಳೆಗೆ ತೋಡು ದಾಟಿ ಬಂದದ್ದು, ಇದನ್ನೆಲ್ಲ ಕೇಳಿಸಿಕೊಂಡು ಬರುತ್ತಾರೆ. ಮನೆಗೆ ಬಂದು ಎಲ್ಲವನ್ನೂ ಬರೆದಿಡುತ್ತಾರೆ.

ಎಲ್ಲರೂ ನಿವೃತ್ತ ಟೀಚರ್‌ಗಳನ್ನೇ ಹುಡುಕಿ ಎಂದಲ್ಲ. ಕೇಳಿಸಿಕೊಳ್ಳುವವರು, ಬರೆದಿಡುವವರು, ಹೇಳಿದ ದಿನಕ್ಕೆ ವಾಪಸ್ ಫೋನ್ ಮಾಡುವವರು ಬೇಕು. ಎಕ್ಸೆಲ್ ಎರಡು ವಾರದಲ್ಲಿ ಕಲಿಸಬಹುದು.

ಅವರು ಕ್ರೈಸ್ತರೇ ಆಗಿರಬೇಕಾ?

ಬೇಡ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಮಂಡಳಿಯಲ್ಲೇ ಇದಕ್ಕೆ ಎರಡು ಮಾತಿದೆ.

ಒಮ್ಮೆ ನಿಮ್ಮ ದಾಖಲಾತಿ ಪುಸ್ತಕ ತೆರೆದು ನೋಡಿ. ನಮ್ಮದರಲ್ಲಿ ಮುಕ್ಕಾಲು ಪಾಲು ಹೆಸರು ಹಿಂದೂ, ಮುಸ್ಲಿಂ, ಜೈನ ಮಕ್ಕಳದ್ದು. ಅವರಿಗೆ ಇದು "ನಮ್ಮ ಶಾಲೆ", ಚರ್ಚ್ ಪಕ್ಕದಲ್ಲಿ ಇದೆ ಅಷ್ಟೆ. ದೇಣಿಗೆ ಕೇಳುವವರು ಧರ್ಮಕೇಂದ್ರದ ಕುಟುಂಬಗಳ ಪಟ್ಟಿ ಹಿಡಿದೇ ಹೊರಟರೆ ಈ ಮುಕ್ಕಾಲು ಪಾಲು ಜನ ಬಿಟ್ಟುಹೋಗುತ್ತಾರೆ. ಪಟ್ಟಿಯಲ್ಲಿ ಇರುವವರೋ, ಚರ್ಚ್ ನವೀಕರಣ, ವಾರ್ಷಿಕ ಹಬ್ಬ, ಬಡವರ ಮನೆ ನಿಧಿ ಎಂದು ಆಗಲೇ ಕೊಟ್ಟು ಸುಸ್ತಾಗಿರುತ್ತಾರೆ.

ಆದರೆ ಶಾಲೆ ಕ್ರೈಸ್ತ ಶಾಲೆ ಯಾಕೆ, ಸಿಸ್ಟರ್‌ಗಳು ಯಾಕೆ ಈ ಕೆಲಸಕ್ಕೆ ಬಂದರು ಎಂದು ಕೇಳಿದರೆ ಸಂಕೋಚ ಇಲ್ಲದೆ ಹೇಳಲು ಬರಬೇಕು. ಮತಾಂತರದ ಪ್ರಶ್ನೆಯೂ ಬರುತ್ತದೆ, ಖಂಡಿತ ಬರುತ್ತದೆ. ಉತ್ತರ ನೇರವಾಗಿರಲಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 28ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಧರ್ಮ ಬೋಧನೆ ಮಾಡುವ ಹಾಗಿಲ್ಲ. ಎರಡನ್ನೂ ನಾವು ಪಾಲಿಸುತ್ತೇವೆ ಎಂದರೆ ಸಾಕು. ನಿಜವಾಗಿ ಪಾಲಿಸಿ ಮತ್ತೆ!

ಸಂದರ್ಶನದಲ್ಲಿ ಏನು ಕೇಳುವುದು?

"ನಿಮ್ಮ ಹಳೆಯ ಟೀಚರ್ ಒಬ್ಬರ ಬಗ್ಗೆ ಹೇಳಿ" ಎಂದು ಶುರು ಮಾಡಿ. ಆಮೇಲೆ ಸುಮ್ನೆ ಕೂತು ಕೇಳಿ. ನಂತರ ಅವರನ್ನು ಶಾಲೆಯಲ್ಲಿ ಒಂದು ಗಂಟೆ ಓಡಾಡಲು ಬಿಟ್ಟು, ಏನು ಕಂಡಿರಿ ಎಂದು ಒಂದು ಪುಟ ಬರೆಸಿ. ಬಿಸಿಯೂಟದ ಅಡುಗೆಯವರನ್ನು ಮಾತಾಡಿಸಿದರಾ, ಬರೀ ಮುಖ್ಯ ಶಿಕ್ಷಕಿಯ ಕೋಣೆಯಲ್ಲಿ ಕೂತಿದ್ದರಾ, ಎಲ್ಲ ಆ ಪುಟದಲ್ಲಿ ಗೊತ್ತಾಗುತ್ತದೆ.

ಹಿಂದಿನ ಕೆಲಸದ ಕಡೆ ಫೋನ್ ಮಾಡಿ ವಿಚಾರಿಸುವುದನ್ನು ಮರೆಯಬೇಡಿ. ದುಡ್ಡೂ ಇದೆ, ಮಕ್ಕಳೂ ಇದ್ದಾರೆ. ಶಿಕ್ಷಕರಿಗೆ ಏನು ಪರಿಶೀಲನೆ ಮಾಡುತ್ತೀರೋ ಇವರಿಗೂ ಅಷ್ಟೇ ಮಾಡಿ. "ನಮ್ಮ ಬಿಷಪ್ ಆಫೀಸಿನವರ ಸಂಬಂಧಿಕರು" ಎಂಬ ಶಿಫಾರಸು ಪರಿಶೀಲನೆ ಆಗುವುದಿಲ್ಲ.

ಸಂಬಳ ಎಷ್ಟು? ತಂದದ್ದರಲ್ಲಿ ಕಮಿಷನ್ ಕೊಡಬಹುದಾ?

ಕಮಿಷನ್ ಬೇಡವೇ ಬೇಡ. ಅಮೆರಿಕದ ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್ ಎಂಬ ಸಂಘ ತನ್ನ ನೀತಿ ಸಂಹಿತೆಯಲ್ಲೇ ಶೇಕಡಾವಾರು ಸಂಭಾವನೆ ತೆಗೆದುಕೊಳ್ಳಬಾರದು ಎಂದು ಹೇಳುತ್ತದೆ. ಕಾರಣ ನಮ್ಮ ಊರಿಗೂ ಸರಿಹೊಂದುತ್ತದೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಪಿಂಚಣಿಯಿಂದ ಐದು ಸಾವಿರ ಕೊಡುತ್ತಾರೆ. ಅದರಲ್ಲಿ ಐನೂರು ವಸೂಲಿಗೆ ಬಂದವರ ಜೇಬಿಗೆ ಎಂದು ಗೊತ್ತಾದರೆ ಅವರ ಮನಸ್ಸಿಗೆ ಏನಾಗುತ್ತದೆ? ಕಮಿಷನ್ ಇದ್ದರೆ ಕೆಲಸದವರು ಇವತ್ತೇ ಚೆಕ್ ಬರೆಯುವವರ ಹಿಂದೆ ಮಾತ್ರ ಓಡುತ್ತಾರೆ. ಮೂರು ವರ್ಷದ ಮೇಲೆ ಕೊಡಬಹುದಾದವರ ಮನೆಗೆ ಯಾರೂ ಹೋಗುವುದಿಲ್ಲ.

ಸಂಬಳದ ಬಗ್ಗೆ ನನ್ನ ಲೆಕ್ಕ ಸರಳ. ಆಡಳಿತ ಮಂಡಳಿ ಕಡೆಯಿಂದ ಹೈಸ್ಕೂಲ್ ಶಿಕ್ಷಕರಿಗೆ ಏನು ಕೊಡುತ್ತೀರೋ ಅದಕ್ಕಿಂತ ಕಡಿಮೆ ಬೇಡ. ಪ್ರಯಾಣ ಭತ್ಯೆ ಬೇರೆ. ನೇಮಕ ಪತ್ರ ಕೊಡಿ, ಪಿಎಫ್ ಅನ್ವಯಿಸಿದರೆ ಕಟ್ಟಿ. "ಇದು ಸೇವೆ ಅಲ್ವಾ" ಎಂದು ಅರ್ಧ ಸಂಬಳಕ್ಕೆ ಒಪ್ಪಿಸುವುದು ನಮ್ಮ ಸಂಸ್ಥೆಗಳ ಹಳೇ ಚಾಳಿ. ಅರ್ಧ ಸಂಬಳದವರು ಅರ್ಧ ಮನಸ್ಸಿನಲ್ಲಿ ಬೇರೆ ಕೆಲಸ ಹುಡುಕುತ್ತಿರುತ್ತಾರೆ. ಅದನ್ನು ತಪ್ಪು ಎನ್ನಲಾಗದು.

ಮೊದಲ ವರ್ಷ ಎಷ್ಟು ತರಬೇಕು ಎಂದು ಗುರಿ ಹಾಕೋಣ?

ಮೊದಲ ವರ್ಷ ದುಡ್ಡಿನ ಗುರಿ ಹಾಕಬೇಡಿ. ಅವರ ಸಂಬಳದಷ್ಟೂ ಬರದೇ ಇರಬಹುದು. ನಾವು ಮೊದಲ ಸಲ ಐದನೇ ತಿಂಗಳಿನಿಂದಲೇ ಪ್ರತಿ ಮೀಟಿಂಗಿನಲ್ಲಿ "ಎಷ್ಟಾಯ್ತು?" ಎಂದು ಕೇಳಲು ಶುರು ಮಾಡಿದೆವು. ಆ ಹುಡುಗ ಮೀಟಿಂಗಿನ ಹಿಂದಿನ ರಾತ್ರಿ ಪರಿಚಯದವರ ಹತ್ತಿರ ಬೇಡಿ ಏನಾದರೂ ತಂದು ತೋರಿಸುತ್ತಿದ್ದ. ಅವನ ಸ್ವಂತ ಚಿಕ್ಕಪ್ಪ ಎರಡು ಸಲ ಕೊಟ್ಟದ್ದು ಆಮೇಲೆ ಗೊತ್ತಾಯಿತು. ಈಗ ನೆನೆಸಿದರೂ ನಾಚಿಕೆ ಆಗುತ್ತದೆ.

ಎರಡನೇ ಸಲ ಬೇರೆ ಲೆಕ್ಕ ಇಟ್ಟೆವು. ತಿಂಗಳಿಗೆ ಎಷ್ಟು ಮಂದಿಯನ್ನು ಭೇಟಿ ಆದಿರಿ, ಎಷ್ಟು ಬ್ಯಾಚ್‌ಗಳ ಪಟ್ಟಿ ಸರಿಯಾಯಿತು, ಕಳೆದ ವರ್ಷ ಕೊಟ್ಟವರಲ್ಲಿ ಎಷ್ಟು ಜನರಿಗೆ ಧನ್ಯವಾದ ಹೇಳಿ ಆಯಿತು. ಮೂರು ವರ್ಷಕ್ಕೆ ಬೇಕಾದ ಸಂಬಳವನ್ನು ಮೊದಲೇ ತೆಗೆದಿಟ್ಟೆವು. ಅಷ್ಟು ತೆಗೆದಿಡಲು ಆಗದಿದ್ದರೆ ನೇಮಕ ಮುಂದೂಡುವುದೇ ವಾಸಿ.

ಮೊದಲ ಮೂರು ತಿಂಗಳು ಅವರಿಗೆ ಏನು ಕೆಲಸ ಕೊಡುವುದು?

ಗೋದ್ರೆಜ್ ಕಪಾಟಿನಲ್ಲಿ ಮಲಗಿರುವ ಹಳೆಯ ದಾಖಲಾತಿ ಪುಸ್ತಕಗಳು. ಕೆಲವಕ್ಕೆ ಗೆದ್ದಲು ಹಿಡಿದಿರುತ್ತದೆ, ಮೊದಲು ಫೋಟೊ ತೆಗೆದುಕೊಳ್ಳಿ. ಮಗುವಿನ ಹೆಸರು, ತಂದೆಯ ಹೆಸರು, ಮನೆ, ಉದ್ಯೋಗ, ಯಾವ ವರ್ಷ ಬಿಟ್ಟರು, ಎಲ್ಲ ಅದರಲ್ಲಿದೆ. ಕರಾವಳಿಯಲ್ಲಿ ಮನೆ ಹೆಸರು ಒಂದಿದ್ದರೆ ಸಾಕು, ಆ ಮನೆಯವರು ಈಗ ಎಲ್ಲಿದ್ದಾರೆ ಎಂದು ಅಂಗಡಿಯವರೇ ಹೇಳುತ್ತಾರೆ.

ಆಮೇಲೆ ಬ್ಯಾಚ್‌ವಾರು ಪಟ್ಟಿ. ಪ್ರತಿ ಬ್ಯಾಚಿನಲ್ಲೂ ಎಲ್ಲರ ನಂಬರ್ ಇರುವ, ಎಲ್ಲರ ಮದುವೆಗೂ ಹೋಗುವ ಒಬ್ಬರಿರುತ್ತಾರೆ. ಆಗಿನ ಕ್ಲಾಸ್ ಲೀಡರ್ ಅಲ್ಲ, ಸಾಮಾನ್ಯವಾಗಿ ಹಿಂದಿನ ಬೆಂಚಿನವರು. ಅವರು ಸಿಕ್ಕರೆ ಇಡೀ ಬ್ಯಾಚ್ ಸಿಕ್ಕ ಹಾಗೆ. ಒಂದು ಎಚ್ಚರಿಕೆ: ಈ ಪಟ್ಟಿ ಜನರ ಖಾಸಗಿ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸಿಕ್ಕ ಸಿಕ್ಕ ವಾಟ್ಸಾಪ್ ಗ್ರೂಪಿಗೆ ಪಟ್ಟಿ ಹಾಕುವುದು, ಕೇಳದೆ ಗ್ರೂಪಿಗೆ ಸೇರಿಸುವುದು ಬೇಡ.

ಸಂಚಾಲಕರು, ಟೀಚರ್‌ಗಳು, ಮಂಡಳಿಯವರು ಏನು ಮಾಡಬೇಕು? ಅದಕ್ಕಂತ ಒಬ್ಬರನ್ನು ಇಟ್ಟಾಯ್ತಲ್ಲ!

ಎಲ್ಲ ಶಾಲೆಗಳೂ ಎಡವುವುದು ಇಲ್ಲೇ. ನಾವೂ ಇಲ್ಲೇ ಬಿದ್ದದ್ದು.

ದೊಡ್ಡ ಮೊತ್ತ ಕೊಡುವವರು ನೌಕರರ ಮುಖ ನೋಡಿ ಕೊಡುವುದಿಲ್ಲ. ಫಾದರ್ ಬಂದು ನಮ್ಮ ಜಗಲಿಯಲ್ಲಿ ಕೂತರು, ಹೆಡ್ ಟೀಚರ್ ಫೋನ್ ಮಾಡಿ ಮಗಳ ಬಾಣಂತನ ವಿಚಾರಿಸಿದರು, ಇದಕ್ಕೆ ಕೊಡುತ್ತಾರೆ. ನೇಮಕ ಆದವರು ಆ ಭೇಟಿ ಆಗುವ ಹಾಗೆ ಮಾಡಬೇಕು: ಯಾರ ಮನೆಗೆ, ಯಾವಾಗ, ಏನು ಮಾತಾಡಬೇಕು, ಆಮೇಲೆ ಏನು ಬರೆದು ಕಳಿಸಬೇಕು. ಹೋಗಬೇಕಾದವರು ನೀವೇ. ತಿಂಗಳಿಗೆ ಎರಡು ಸಂಜೆ ಇದಕ್ಕೆ ಬಿಟ್ಟುಕೊಡಲು ಸಂಚಾಲಕರು ತಯಾರಿಲ್ಲದಿದ್ದರೆ ನೇಮಕವೇ ದಂಡ.

ಮಂಡಳಿಯ ಸದಸ್ಯರು ಮೊದಲು ತಮ್ಮ ಕೈಯಿಂದ ಕೊಡಬೇಕು. ಮೊತ್ತ ಎಷ್ಟಾದರೂ ಇರಲಿ. "ನಿಮ್ಮ ಮಂಡಳಿಯವರು ಕೊಟ್ಟಿದ್ದಾರಾ?" ಎಂದು ಒಬ್ಬ ಹಳೆ ವಿದ್ಯಾರ್ಥಿ ಕೇಳಿದಾಗ ನಮ್ಮ ಟೀಚರ್ ತಲೆ ತಗ್ಗಿಸಬೇಕಾಗಿ ಬಂತು. ಮುಂದಿನ ವಾರವೇ ನಾವೆಲ್ಲ ಚೆಕ್ ಬರೆದೆವು.

ಇನ್ನು ದಿನದ ಸಂಗತಿ. ಅವರಿಗೆ ಒಂದು ಮೇಜು, ಬೀಗ ಇರುವ ಕಪಾಟು, ಶಾಲೆಯ ಹೆಸರಲ್ಲಿ ಒಂದು ಸಿಮ್ ಕೊಡಿ. ಸಿಮ್ ಶಾಲೆಯದ್ದೇ ಇರಲಿ, ಹಟ ಹಿಡಿದು ಹೇಳುತ್ತಿದ್ದೇನೆ. ಶಿಕ್ಷಕರ ಸಭೆಯಲ್ಲಿ ತಿಂಗಳಿಗೊಮ್ಮೆ ಹತ್ತು ನಿಮಿಷ ಕೊಡಿ. ಯಾವ ಮಗುವಿಗೆ ಕನ್ನಡಕ ಬೇಕು, ಯಾವ ಕ್ಲಾಸಿನ ಕಿಟಕಿ ಮುರಿದಿದೆ ಎಂದು ಟೀಚರ್‌ಗಳಿಂದಲೇ ಗೊತ್ತಾಗಬೇಕು. ಕೈ ಖಾಲಿ ಇದೆ ಎಂದು ಅವರಿಗೆ ಸ್ಯಾಟ್ಸ್ (ಸರ್ಕಾರದ ವಿದ್ಯಾರ್ಥಿ ಮಾಹಿತಿ ತಂತ್ರಾಂಶ) ಎಂಟ್ರಿ, ಐಡಿ ಕಾರ್ಡ್ ಪ್ರಿಂಟ್, ವಾರ್ಷಿಕೋತ್ಸವದ ಬ್ಯಾನರ್ ಕೆಲಸ ಹೊರಿಸಬೇಡಿ. ಒಂದು ಸಲ ಹೊರಿಸಿದರೆ ಅದು ಅವರದೇ ಕೆಲಸ ಆಗಿಬಿಡುತ್ತದೆ. ನಮ್ಮ ಮೊದಲ ಹುಡುಗ ಕೊನೆಯ ಎರಡು ತಿಂಗಳು ಮಾಡಿದ್ದು ಹೆಚ್ಚಾಗಿ ಅದೇ.

ಗಲ್ಫ್‌ನಲ್ಲಿರುವವರು, ಕೆನಡಾದಲ್ಲಿರುವವರು ಕಳಿಸಿದರೆ ತೆಗೆದುಕೊಳ್ಳಬಹುದಾ?

ಯಾವ ದೇಶದಲ್ಲಿದ್ದಾರೆ ಎನ್ನುವುದಕ್ಕಿಂತ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಎನ್ನುವುದು ಮುಖ್ಯ.

ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಭಾರತೀಯರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ದುಬೈ, ಕುವೈತ್, ಬಹ್ರೇನ್‌ನಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಇದರಲ್ಲಿ ಬರುತ್ತಾರೆ. ಪಾಸ್‌ಪೋರ್ಟ್ ಪ್ರತಿಯೊಂದನ್ನು ಕೇಳಿ ಫೈಲಿನಲ್ಲಿ ಇಡಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಕಾರಣ ಹೇಳಿದರೆ.

ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ಗಳ ಪೌರತ್ವ ಪಡೆದವರು ಬೇರೆ ಲೆಕ್ಕ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅವರು ವಿದೇಶಿ ಮೂಲವೇ. ರಜೆಗೆ ಊರಿಗೆ ಬಂದು, ಇಲ್ಲೇ ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಇದನ್ನು ತೆಗೆದುಕೊಳ್ಳಲು 2010ರ ಎಫ್‌ಸಿಆರ್‌ಎ ಪ್ರಕಾರ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚಿಗೆ ಶೇ. 20ಕ್ಕಿಂತ ಜಾಸ್ತಿ ಬಳಸುವ ಹಾಗಿಲ್ಲ, ಮೊದಲು ಶೇ. 50 ಇತ್ತು. ಒಂದು ಸಂಸ್ಥೆಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದೂ ನಿಂತಿದೆ. ಅಂದರೆ ಧರ್ಮಪ್ರಾಂತ್ಯದ ಸಂಸ್ಥೆಗೆ ನೋಂದಣಿ ಇದೆ, ನಿಮ್ಮ ಶಾಲೆ ಬೇರೆ ಸೊಸೈಟಿಯದ್ದು ಎಂದಾದರೆ ಆ ದಾರಿ ಇಲ್ಲ.

ಇದರಲ್ಲಿ ತಪ್ಪಿದರೆ ಐದು ವರ್ಷದ ತನಕ ಜೈಲು ಶಿಕ್ಷೆಗೂ ಅವಕಾಶ ಇದೆ. ಹಾಗಾಗಿ ನೇಮಕ ಆದವರಿಗೆ ಮೊದಲ ವಾರವೇ ಇದನ್ನು ಕಲಿಸಿ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಊರಿಗೆ ಬಂದ ಹಳೆ ವಿದ್ಯಾರ್ಥಿ ಪ್ರೀತಿಯಿಂದ ಕವರ್ ಕೊಡಲು ಬಂದಾಗ "ಒಂದು ನಿಮಿಷ, ನಿಮ್ಮದು ಯಾವ ಪಾಸ್‌ಪೋರ್ಟ್?" ಎಂದು ಕೇಳುವ ಧೈರ್ಯ ಬೇಕು.

ಅಡ್ಮಿಷನ್ ಹೊತ್ತಿಗೆ ಪೋಷಕರಿಂದ ಡೊನೇಷನ್?

ಇಲ್ಲ. 1984ರ ಕರ್ನಾಟಕದ ಕಾಯ್ದೆಯೇ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಅದನ್ನೇ ಹಿಡಿದುಕೊಂಡು ಡೊನೇಷನ್ ಕೇಳಬಹುದು ಎಂದುಕೊಳ್ಳಬೇಡಿ. ಏಪ್ರಿಲ್‌ನಿಂದ ಜೂನ್ ತನಕ ದೇಣಿಗೆಯವರು ಅಡ್ಮಿಷನ್ ಮೇಜಿನ ಹತ್ತಿರವೂ ಸುಳಿಯದ ಹಾಗೆ ನಾವು ನೋಡಿಕೊಳ್ಳುತ್ತೇವೆ.

80ಜಿ ಇದೆ ಎಂದರೆ ದಾನಿಗಳಿಗೆ ಎಷ್ಟು ಲಾಭ?

ನೀವು ಅಂದುಕೊಂಡಷ್ಟು ಇಲ್ಲ. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ ವಿನಾಯಿತಿ, ಅದೂ ಒಂದು ಮಿತಿಯೊಳಗೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಈಗ ಸಂಬಳದಾರರಲ್ಲಿ ಬಹಳ ಮಂದಿ ಹೊಸ ಪದ್ಧತಿಗೆ ಹೋಗಿದ್ದಾರೆ, ಅವರಿಗೆ ಏನೂ ಸಿಗುವುದಿಲ್ಲ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಆ ಮೊತ್ತಕ್ಕೂ ವಿನಾಯಿತಿ ಇಲ್ಲ. "ತೆರಿಗೆ ಉಳಿಯುತ್ತೆ" ಎಂದು ಮಾತು ಶುರು ಮಾಡುವವರನ್ನು ಅಲ್ಲಿಗೇ ತಡೆಯಿರಿ.

ಆದರೆ ಕೇಳಿದವರಿಗೆ ಪ್ರಮಾಣಪತ್ರ ಸರಿಯಾಗಿ ಕೊಡಲೇಬೇಕು. ವರ್ಷದ ದಾನಿಗಳ ವಿವರವನ್ನು 10ಬಿಡಿ ಫಾರ್ಮಿನಲ್ಲಿ ಮೇ 31ರೊಳಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡುವುದು ಈ ತನಕದ ಕ್ರಮ. ತಡವಾದರೆ ದಿನಕ್ಕೆ 200 ರೂಪಾಯಿ. ದುಡ್ಡು ಕೊಡುವಾಗಲೇ ಹೆಸರು, ಪ್ಯಾನ್ ಬರೆದುಕೊಳ್ಳದಿದ್ದರೆ ಮೇ ತಿಂಗಳು ಪೂರ್ತಿ ಫೋನಿನಲ್ಲೇ ಕಳೆಯುತ್ತದೆ.

ಹೆಸರಿಲ್ಲದ ಕವರ್ ಬಂದರೆ?

ಭಾನುವಾರದ ಕಾಣಿಕೆಯಲ್ಲಿ ಚರ್ಚ್‌ಗೆ ಬಂದದ್ದು ಒಂದು. "ಶಾಲೆಗೆ" ಎಂದು ಬರೆದ ಹೆಸರಿಲ್ಲದ ಕವರ್ ಇನ್ನೊಂದು. ಎರಡನೆಯದು ಅನಾಮಧೇಯ ದೇಣಿಗೆ. ಅಂಥವು ವರ್ಷದ ಒಟ್ಟು ದೇಣಿಗೆಯ ಶೇ. 5 ಅಥವಾ ಒಂದು ಲಕ್ಷ, ಯಾವುದು ಹೆಚ್ಚೋ ಅದನ್ನು ದಾಟಿದರೆ, ದಾಟಿದ ಭಾಗಕ್ಕೆ ಶೇ. 30 ತೆರಿಗೆ. ಬಲಗೈಯಿಂದ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವವರಿದ್ದಾರೆ. ಹೊರಗೆ ಯಾರಿಗೂ ಹೇಳುವುದಿಲ್ಲ, ಆದರೆ ಪುಸ್ತಕದಲ್ಲಿ ಹೆಸರು, ವಿಳಾಸ ಬೇಕು ಎಂದು ಅವರಿಗೆ ಮೆಲ್ಲನೆ ತಿಳಿಸಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ನಮಗೆ ಸಿಗುತ್ತದಾ?

ಸಿಗಬಹುದು. ನಮ್ಮ ಕಡೆ ಎಂಆರ್‌ಪಿಎಲ್, ಕರ್ಣಾಟಕ ಬ್ಯಾಂಕ್‌ನಂಥ ಸಂಸ್ಥೆಗಳು ಇವೆ. ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಒಂದು ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು. ಕಂಪನಿ ಆ ದುಡ್ಡನ್ನು ನಿಮ್ಮ ಸಂಸ್ಥೆಯ ಮೂಲಕ ಖರ್ಚು ಮಾಡಬೇಕಾದರೆ ನಿಮಗೆ 12ಎ, 80ಜಿ, ಮೂರು ವರ್ಷದ ಕೆಲಸದ ದಾಖಲೆ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು. ಶೌಚಾಲಯ, ಲ್ಯಾಬ್, ಕಂಪ್ಯೂಟರ್‌ಗೆ ಕೊಡುತ್ತಾರೆ. ತಿಂಗಳ ಸಂಬಳಕ್ಕೆ ಕೊಡುವುದು ಅಪರೂಪ. ಅರ್ಜಿ ಹಾಕಿ, ಆದರೆ ನಿಮ್ಮವರ ವರ್ಷವಿಡೀ ಸಮಯ ಇದರಲ್ಲೇ ಹೋಗದಿರಲಿ.

ಲಕ್ಕಿ ಡಿಪ್ ಕೂಪನ್ ಮಾರಿಸೋಣವಾ?

ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಟಿಕೆಟ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡುವುದು ಅದೇ ಸಾಲಿಗೆ ಸೇರಬಹುದು. ಮೇಲಾಗಿ ಕೂಪನ್ ಪುಸ್ತಕ ಹಿಡಿದು ಮನೆ ಮನೆ ಅಲೆಯುವುದು ಮಕ್ಕಳು. ಬೆಳೆ ಹಬ್ಬದ ಏಲಂ ಪರವಾಗಿಲ್ಲ. ಒಂದು ಹಲಸಿನ ಹಣ್ಣಿಗೆ ಇಬ್ಬರು ಹಟಕ್ಕೆ ಬಿದ್ದು ಕೂಗಿದ ರೇಟು ನೋಡಬೇಕಿತ್ತು!

ಮಕ್ಕಳ ಫೋಟೊ, ಕಷ್ಟದ ಕತೆ ಹಾಕಿದರೆ ಜನ ಬೇಗ ಕೊಡುತ್ತಾರಲ್ಲ?

ಕೊಡುತ್ತಾರೆ. ಆ ಮಗು ನಾಳೆ ಅದೇ ಊರಲ್ಲಿ ದೊಡ್ಡದಾಗಬೇಕು. "ತಂದೆ ಕುಡುಕ, ತಾಯಿ ಬೀಡಿ ಕಟ್ಟುತ್ತಾಳೆ" ಎಂದು ಫೋಟೊ ಸಮೇತ ವಾಟ್ಸಾಪ್‌ನಲ್ಲಿ ಓಡಾಡಿದ್ದು ಅಳಿಸಿ ಹೋಗುವುದಿಲ್ಲ. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಫೋಟೊ ಇಲ್ಲ, ಒಪ್ಪಿಗೆ ಇದ್ದರೂ ಹೆಸರಿನ ಜೊತೆ ಕಷ್ಟದ ಕತೆ ಇಲ್ಲ. ಇದು ನಮ್ಮ ಶಾಲೆಯ ನಿಯಮ. ಇದರಿಂದ ಸ್ವಲ್ಪ ದುಡ್ಡು ತಪ್ಪಿರಬಹುದು.

ದೊಡ್ಡ ದಾನಿ ಷರತ್ತು ಹಾಕಿದರೆ?

ಹೆಸರಿನ ಫಲಕ ಕೇಳಿದರೆ ಕೊಡಿ, ಅಳತೆ ಎಲ್ಲರಿಗೂ ಒಂದೇ ಇರಲಿ. "ನಮ್ಮ ಸಮುದಾಯದ ಮಕ್ಕಳಿಗೆ ಮಾತ್ರ ಸ್ಕಾಲರ್‌ಶಿಪ್" ಎಂದರೆ ಯೋಚಿಸಬೇಕು. 80ಜಿ ದೃಷ್ಟಿಯಿಂದಲೂ ತೊಂದರೆ, ಒಂದೇ ಬೆಂಚಿನ ಮಕ್ಕಳಿಗೂ ಬೇಸರ. ಟೀಚರ್ ನೇಮಕದಲ್ಲೋ ಮಂಡಳಿಯ ಸೀಟಿನಲ್ಲೋ ಕೈ ಹಾಕಲು ಬಂದರೆ ಕಾಫಿ ಕೊಟ್ಟು ಕಳಿಸಿ. "ಇಲ್ಲ" ಎನ್ನುವ ಮಾತು ಸಂಚಾಲಕರ ಬಾಯಿಂದ ಬರಬೇಕು. ನೌಕರರ ಹೆಗಲಿಗೆ ಅದನ್ನು ಹಾಕಬೇಡಿ.

ಅವರು ಕೆಲಸ ಬಿಟ್ಟು ಹೋದರೆ?

ಹೋಗುತ್ತಾರೆ, ಒಂದಲ್ಲ ಒಂದು ದಿನ. ಅದಕ್ಕೇ ಸಿಮ್ ಶಾಲೆಯದ್ದಿರಲಿ ಎಂದದ್ದು. ನಮ್ಮ ಟೀಚರ್ ಪ್ರತಿ ಭೇಟಿಯ ಬಗ್ಗೆ ನಾಲ್ಕು ಸಾಲು ಬರೆಯುತ್ತಾರೆ: ಯಾರು, ಯಾವ ಬ್ಯಾಚ್, ಏನು ಮಾತಾಡಿದರು, ಮುಂದೆ ಏನು ಮಾಡುತ್ತೇವೆ ಎಂದು ಹೇಳಿ ಬಂದೆವು. ಮೊದಲು ಉದ್ದ ಗೆರೆಯ ನೋಟ್‌ಬುಕ್‌ನಲ್ಲಿ, ಆಮೇಲೆ ಕಂಪ್ಯೂಟರಿಗೆ. ಹೋದ ಜೂನ್‌ನಲ್ಲಿ ಹೊಸ ಫಾದರ್ ಬಂದರು. ಬಂದ ಎರಡನೇ ದಿನ ಟೀಚರ್ ಆ ನೋಟ್‌ಬುಕ್‌ಗಳನ್ನು ಅವರ ಮೇಜಿನ ಮೇಲೆ ಇಟ್ಟರು. ಒಟ್ಟು ಏಳು. ಫಾದರ್ ಆ ವಾರ ರಾತ್ರಿ ಊಟ ಆದ ಮೇಲೆ ಕೂತು ಓದಿದರಂತೆ. ಮುಂದಿನ ಭಾನುವಾರ ಪೂಜೆ ಮುಗಿದು ಹೊರಗೆ ನಿಂತಾಗ, ಯಾವತ್ತೂ ನೋಡಿರದ ಒಬ್ಬ ಅಜ್ಜಿಯ ಹೆಸರು ಕೇಳಿ, "ನಿಮ್ಮ ಮಗನ ಕಾಲು ಈಗ ಹೇಗಿದೆ?" ಎಂದು ವಿಚಾರಿಸಿದರು.